ನದಿಯ ಗೆರೆಯಲ್ಲಿ ಕತ್ತರಿಸಿದ ಕೋಟು

ಅಳತೆಯಣ್ಣನ ಶಾಲೆ ಏಳನೇ ತರಗತಿಗೆ ಮುಗಿದಿತ್ತು. ಇತಿಹಾಸವನ್ನು ಅವನು ಕಲಿತದ್ದು ಹಳೆಯ ಪತ್ರಿಕೆಗಳಿಂದ, ಅದೂ ಅರ್ಧಂಬರ್ಧ. ಬಟ್ಟೆಗೆ ಕತ್ತರಿ ಹಾಕುವ ಮೊದಲು ದರ್ಜಿಗಳು ಕಾಗದದಲ್ಲಿ ಮಾದರಿ ಕತ್ತರಿಸಿಕೊಳ್ಳುತ್ತಾರೆ. ಅವನ ಅಪ್ಪ ಅದಕ್ಕೆ ಬಳಸುತ್ತಿದ್ದದ್ದು ಭಾನುವಾರದ ಪುರವಣಿಯನ್ನು. ಅದರ ನಡುಪುಟದಲ್ಲಿ ವಾರಕ್ಕೊಂದು ಯುದ್ಧದ ಕಥೆ ಬರುತ್ತಿತ್ತು. ಅಪ್ಪನ ಪಕ್ಕದಲ್ಲಿ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಅವನು ಆ ಮಾದರಿಗಳನ್ನು ಓದುತ್ತಿದ್ದ. ರಾಜ ಕುದುರೆ ಏರುತ್ತಿದ್ದ, ಸೈನ್ಯ ಕಣಿವೆಗೆ ಇಳಿಯುತ್ತಿತ್ತು, ಅಷ್ಟರಲ್ಲಿ ಅಂಗಿಯ ಕೊರಳು ಬಂದುಬಿಡುತ್ತಿತ್ತು. ಗೆದ್ದವರು ಯಾರು ಎಂಬುದು ಕಸದ ಬುಟ್ಟಿಗೆ ಹೋಗಿರುತ್ತಿತ್ತು. ಕೊರಳಿನಾಚೆ ಏನಾಯಿತೆಂದು ತಿಳಿಯಲು ಅವನು ಗ್ರಂಥಾಲಯಕ್ಕೆ ಹೋಗತೊಡಗಿದ. ನಲವತ್ತಾರು ವರ್ಷಗಳ ನಂತರವೂ ಹೋಗುತ್ತಿದ್ದ.

ಅಳತೆಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಬಾಗಿಲಲ್ಲಿ ನಿಂತವರ ಎದೆ, ಸೊಂಟ, ತೋಳುಗಳನ್ನು ಅವನ ಕಣ್ಣು ಟೇಪು ಮುಟ್ಟುವ ಮೊದಲೇ ಅಳೆದು ಮುಗಿಸಿರುತ್ತಿತ್ತು. ನಾನು ಮೊದಲ ಸಲ ಅಂಗಡಿಗೆ ಹೋದಾಗ, ನಮಸ್ಕಾರಕ್ಕಿಂತ ಮೊದಲು ಅವನು ಹೇಳಿದ್ದು, "ಮೇಡಂ, ಎಡ ಭುಜ ಅರ್ಧ ಅಂಗುಲ ಇಳಿದಿದೆ. ಚೀಲ ಯಾವಾಗಲೂ ಆ ಕಡೆಗೇ ಹಾಕ್ತೀರಾ?" ನಾನು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದ ವರ್ಷ ಅದು. ಚೀಲ ಹೌದು, ಆ ಕಡೆಗೇ ಹಾಕುತ್ತಿದ್ದೆ. ನನ್ನ ವಿಷಯ ಯಾವುದೆಂದು ತಿಳಿದ ಕೂಡಲೇ ಅವನು ಕತ್ತರಿ ಕೆಳಗಿಟ್ಟ. "ಹಾಗಾದ್ರೆ ಭಾನುವಾರ ಬನ್ನಿ. ನಮಗೆ ತೀರ್ಪು ಹೇಳೋರು ಬೇಕು. ಇಲ್ಲಿ ಎಲ್ಲರೂ ಗೆಲ್ತಾರೆ, ಸೋಲೋರೇ ಇಲ್ಲ."

ಅಂಗಡಿ ಚಿಕ್ಕದು. ಕಿಟಕಿಯ ಕಡೆ ಎರಡು ಹೊಲಿಗೆ ಯಂತ್ರ, ಗೋಡೆಗೆ ಉದ್ದದ ಕನ್ನಡಿ, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ನಡುವೆ ಎಂಟು ಅಡಿ ಉದ್ದದ ಕತ್ತರಿಸುವ ಮೇಜು. ಮೇಜಿನ ಹಿಂದಿನ ಕಪಾಟಿನಲ್ಲಿ ಗುಂಡಿಗಳ ಗಾಜಿನ ಭರಣಿಗಳು, ಬಣ್ಣದ ಪ್ರಕಾರ, ಗಾತ್ರದ ಪ್ರಕಾರ. ಮನೆ ಮಹಡಿಯ ಮೇಲೆ. ಒಂದು ಯಂತ್ರ ಅವನದು, ಇನ್ನೊಂದು ಹೆಂಡತಿಯದು. ಗಿರಾಕಿಗೆ ಕೊಟ್ಟ ಮಾತು ಉಳಿಯುತ್ತಿದ್ದದ್ದು ಎರಡನೆಯ ಯಂತ್ರದಿಂದ ಎಂದು ಬೀದಿಗೆಲ್ಲ ಗೊತ್ತಿತ್ತು.

ಭಾನುವಾರ ಒಂಬತ್ತಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು, ಮೇಜಿನ ಮೇಲೆ ಹಳೆಯ ಬೂದು ಬಣ್ಣದ ಹಾಸುಬಟ್ಟೆ ಹರಡುತ್ತಿದ್ದರು. ಅದರ ಮೇಲೆ ಸೀಮೆಸುಣ್ಣದಿಂದ ನದಿ, ಗುಡ್ಡ, ಕೋಟೆ ಬರೆಯುತ್ತಿದ್ದರು. ಕೋಟಿನ ದಪ್ಪ ಗುಂಡಿಗಳು ಕುದುರೆ ಸವಾರರು, ಅಂಗಿಯ ಗುಂಡಿಗಳು ಕಾಲಾಳುಗಳು, ನೂಲು ಮುಗಿದ ಖಾಲಿ ಬಾಬಿನ್‌ಗಳು ಫಿರಂಗಿ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆಯೇ ಸೇನಾಪತಿ. ತಪ್ಪು ಹೇಳಿ ಸಿಕ್ಕಿಬಿದ್ದವರಿಗೆ ಒಂದೇ ಶಿಕ್ಷೆ. ಹನ್ನೆರಡು ಗಂಟೆಗೆ ಸಭೆ ಮುಗಿದಾಗ ಎರಡೂ ಸೈನ್ಯಗಳನ್ನು ಬೇರ್ಪಡಿಸಿ ಆಯಾ ಭರಣಿಗೆ ಹಾಕಬೇಕು. ನಾಲ್ಕುನೂರು ಗುಂಡಿಗಳಿದ್ದವು. ಆದ್ದರಿಂದ ಯಾರೂ ಅಷ್ಟು ಸುಲಭವಾಗಿ ತಪ್ಪು ಒಪ್ಪಿಕೊಳ್ಳುತ್ತಿರಲಿಲ್ಲ.

ಬರುತ್ತಿದ್ದವರು ಇಬ್ಬರೇ. ಒಬ್ಬ, ಬೀದಿಯ ಕೊನೆಯ ಔಷಧಿ ಅಂಗಡಿಯ ಮಾಲೀಕ. ಅವನನ್ನು ಎಲ್ಲರೂ ಗುಳಿಗೆಪ್ಪ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಪದವೀಧರ. ಮನೆಯಲ್ಲಿ ದಪ್ಪ ರಟ್ಟಿನ ಪುಸ್ತಕಗಳನ್ನಿಟ್ಟಿದ್ದ ಮತ್ತು ಪುಟಸಂಖ್ಯೆ ಸಮೇತ ಮಾತಾಡುತ್ತಿದ್ದ. ಇನ್ನೊಬ್ಬ, ಅಳತೆಯಣ್ಣನ ಹೆಂಡತಿಯ ತಮ್ಮ, ಬಸ್ ಕಂಡಕ್ಟರ್. ಅವನಿಗೆ ಇಸವಿಗಳೆಲ್ಲ ಬಾಯಿಪಾಠ, ಕಾರಣಗಳು ಒಂದೂ ಗೊತ್ತಿಲ್ಲ. ಯಾವ ಪಕ್ಷ ಸೋಲುತ್ತಿದೆಯೋ ಆ ಪಕ್ಷ ಸೇರುವುದು ಅವನ ಸ್ವಭಾವ. "ಗೆಲ್ಲೋರ ಕಡೆ ಸೀಟು ಸಿಗಲ್ಲ," ಎನ್ನುತ್ತಿದ್ದ.

ಹನ್ನೊಂದು ವರ್ಷಗಳಲ್ಲಿ ಅವರು ಎಷ್ಟೋ ಯುದ್ಧಗಳನ್ನು ಮುಗಿಸಿದ್ದರು. ಮುಗಿಯದೆ ಉಳಿದದ್ದು ಒಂದು. ಮುನ್ನೂರು ವರ್ಷಗಳ ಹಿಂದೆ ಈ ಸೀಮೆಯ ರಾಜನನ್ನು ಶತ್ರುಗಳು ಕೋಟೆಯಲ್ಲಿ ಸುತ್ತುಗಟ್ಟಿದ್ದರು. ಅವನ ಸೇನಾಪತಿ ದೂರದಿಂದ ಸೈನ್ಯ ತಂದ, ಸೇತುವೆ ಸುಟ್ಟುಹೋಗಿದ್ದರಿಂದ ನದಿಯ ತಿರುವಿನಲ್ಲಿ ನೀರಿಗಿಳಿದ, ದಡದ ಕಾವಲಿನವರನ್ನು ಬಾಣಗಳ ನಡುವೆಯೇ ಓಡಿಸಿ ಆಚೆ ದಾಟಿದ. ಅಲ್ಲಿಂದ ಕೋಟೆಗೆ ಅರ್ಧ ದಿನದ ದಾರಿ. ಅವನು ಹೋಗಲಿಲ್ಲ. ಎರಡು ದಿನ ದಡದಲ್ಲೇ ಕೂತ. ಮೂರನೆಯ ದಿನ ತಲುಪಿದಾಗ ಕೋಟೆ ಬಿದ್ದಿತ್ತು. ಅಂದಿನಿಂದ ಅವನ ಹೆಸರೇ ಮಲಗಿದ ಸೇನಾಪತಿ. ಇಲ್ಲಿ ಶಾಲೆಗೆ ತಡವಾಗಿ ಬಂದ ಮಕ್ಕಳನ್ನು ಬಯ್ಯುವುದೂ ಅದೇ ಹೆಸರಿನಿಂದ.

ಗುಳಿಗೆಪ್ಪನ ಪ್ರಕಾರ ಆ ಸೇನಾಪತಿ ಶತ್ರುಗಳಿಂದ ಚಿನ್ನದ ಪೆಟ್ಟಿಗೆ ಪಡೆದಿದ್ದ. ಅಳತೆಯಣ್ಣ ಅದನ್ನು ಒಪ್ಪುತ್ತಿರಲಿಲ್ಲ. ಪಕ್ಕದ ಪಟ್ಟಣದ ವಸ್ತು ಸಂಗ್ರಹಾಲಯದಲ್ಲಿ ಆ ಕಾಲದ ಸೈನಿಕನ ಅಂಗಿಯೊಂದಿತ್ತು. ಅದನ್ನು ನೋಡಲು ಅವನು ಹದಿನಾಲ್ಕು ಸಲ ಹೋಗಿದ್ದ. ಗಾಜಿಗೆ ಮೂಗು ಒತ್ತಿ ಹೊಲಿಗೆ ಎಣಿಸುವ ಈ ಮನುಷ್ಯನ ಮೇಲೆ ಅಲ್ಲಿನ ಕಾವಲುಗಾರ ಒಂದು ಕಣ್ಣಿಟ್ಟಿದ್ದ.

"ಅದು ಕಬ್ಬಿಣದ ಕವಚ ಅಲ್ಲ," ಎನ್ನುತ್ತಿದ್ದ ಅಳತೆಯಣ್ಣ. "ಎರಡು ಪದರ ಬಟ್ಟೆ, ನಡುವೆ ಮೂರು ಬೆರಳು ಹತ್ತಿ, ಮೇಲಿಂದ ಕೆಳಗೆ ಸಾಲು ಹೊಲಿಗೆ. ಬಾಣ ತಡೆಯುತ್ತೆ. ಆದ್ರೆ ನೀರಿಗೆ ಇಳಿದ್ರೆ? ಹಾಸಿಗೆ ಹೊದ್ಕೊಂಡು ಈಜಿದ ಹಾಗೆ. ಅದು ಒಣಗಬೇಕಲ್ಲ!"

"ಅಂದ್ರೆ, ಒಂದು ರಾಜ್ಯ ಹೋಗಿದ್ದು ಬಟ್ಟೆ ಒಣಗಲಿಲ್ಲ ಅಂತ," ಎಂದು ಗುಳಿಗೆಪ್ಪ ನಗುತ್ತಿದ್ದ. "ಮೇಡಂ, ಇದನ್ನ ನಿಮ್ಮ ಕಾಲೇಜಲ್ಲಿ ಬರೆದಿದ್ರೆ ಎಷ್ಟು ಅಂಕ ಕೊಡ್ತಿದ್ರಿ?"

"ಆಧಾರ ಕೇಳ್ತಿದ್ದೆ," ಎಂದೆ ನಾನು.

ಗ್ರಂಥಾಲಯದವರು ಪ್ರತಿವರ್ಷ ಒಂದು ಚರ್ಚಾಕೂಟ ನಡೆಸುತ್ತಾರೆ. ಹೋದ ವರ್ಷ ಆ ಯುದ್ಧಕ್ಕೆ ಮುನ್ನೂರು ತುಂಬಿತ್ತು. ಯಾವಾಗಲೂ ಗುಳಿಗೆಪ್ಪನೊಬ್ಬನೇ ಮಾತಾಡುತ್ತಿದ್ದ. ಆ ಸಲ ಗ್ರಂಥಪಾಲಕಿ ಅಳತೆಯಣ್ಣನ ಹೆಸರನ್ನೂ ಸೇರಿಸಿದಳು. ನಲವತ್ತಾರು ವರ್ಷ ಪುಸ್ತಕ ಒಯ್ದವನು ಒಂದು ಸಲವಾದರೂ ಬಾಯಿ ಬಿಡಲಿ ಎಂಬುದು ಅವಳ ವಾದ. ಗುಳಿಗೆಪ್ಪನಿಗೆ ಇದು ಸರಿಬರಲಿಲ್ಲ. ಚರ್ಚೆಗೆ ಒಂದು ವಾರವಿರುವಾಗ, ಭಾನುವಾರ, ಮೇಜಿನ ಮುಂದೆ ನಿಂತು ಅವನು ಷರತ್ತು ಹಾಕಿದ.

"ನೋಡು, ಇಲ್ಲಿ ನಾವು ಆಡೋದು ಆಟ. ಅಲ್ಲಿ ಜನ ಇರ್ತಾರೆ. ಶನಿವಾರ ನಿನ್ನ ವಾದ ಗಟ್ಟಿಯಾಗಿ ನಿಲ್ಲದಿದ್ರೆ ಮುಂದಿನ ಭಾನುವಾರದಿಂದ ಸಭೆ ನಮ್ಮನೆ ಮಹಡೀಲಿ. ಕುರ್ಚಿ ಹಾಕ್ಕೊಂಡು, ಪುಸ್ತಕ ಇಟ್ಕೊಂಡು, ಗಂಭೀರವಾಗಿ. ಗುಂಡಿ ಗಿಂಡಿ ಎಲ್ಲ ಬಂದ್. ನೀನು ಬಾ, ಕೂತು ಕೇಳು."

"ವಾದ ನಿಂತ್ರೆ?" ಎಂದ ಅಳತೆಯಣ್ಣ.

"ನಿಂತ್ರೆ ಒಂದು ವರ್ಷ ಗುಂಡಿ ನಾನೇ ಆರಿಸ್ತೀನಿ."

ಅಳತೆಯಣ್ಣ ಒಪ್ಪಿದ. ಒಪ್ಪಿದ ಮೇಲೆ ಅವನ ಮುಖ ಇಳಿಯಿತು. ಪುಟಸಂಖ್ಯೆಗಳ ನಡುವೆ ಕುರ್ಚಿಯಲ್ಲಿ ಕೂತು ಕೇಳುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನು ವಾದ ಮಾಡುತ್ತಿದ್ದದ್ದು ಕೈಯಿಂದ. ಮೇಜು ಹೋದರೆ ಅವನ ಮಾತೂ ಹೋಗುತ್ತಿತ್ತು.

ಅಂದು ಇನ್ನೂ ಒಂದು ಸಂಗತಿ ನಡೆಯಿತು, ಯಾರ ಗಮನಕ್ಕೂ ಬಾರದೆ. ಹಾಸುಬಟ್ಟೆಯನ್ನು ಹೆಂಡತಿ ಒಗೆದು ಮಹಡಿಯ ಮೇಲೆ ಒಣಹಾಕಿದ್ದಳು. ಕಂಡಕ್ಟರ್ ಅವಸರದಲ್ಲಿ ಕಪಾಟಿನ ಕೆಳಗಿನಿಂದ ಮಡಿಸಿಟ್ಟಿದ್ದ ಬೂದು ಬಟ್ಟೆಯೊಂದನ್ನು ಎಳೆದು ಮಡಿಕೆಯೊಡನೆಯೇ ಹರಡಿದ. ಅದು ಗುಳಿಗೆಪ್ಪನ ಕೋಟಿನ ಬಟ್ಟೆ, ದಪ್ಪ ಹತ್ತಿಯದು. ಶನಿವಾರದ ಚರ್ಚೆಗೆ ಹಾಕಿಕೊಳ್ಳಲೆಂದು ಹೊಲಿಯಲು ಕೊಟ್ಟಿದ್ದ. ಅಳತೆಯಣ್ಣ ಅದರ ಮೇಲೆ ಆಗಲೇ ಅರ್ಧ ಗೆರೆ ಹಾಕಿದ್ದ. ಬಟ್ಟೆಯ ಜಾತಿಯನ್ನು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಅಂದು ಷರತ್ತಿನ ಯೋಚನೆಯಲ್ಲಿ ಅದು ಕಾಣಲಿಲ್ಲ. ಮೂರು ಗಂಟೆ ಜಗಳವಾಡಿದರು. ನಡುವೆ ಗುಳಿಗೆಪ್ಪ ಸೀಮೆಸುಣ್ಣ ಕಿತ್ತುಕೊಂಡು, "ತಿರುವು ಹೀಗಿದೆ, ಹೀಗೆ! ಭೂಪಟ ನೋಡಿದೀಯಾ?" ಎಂದು ನದಿಯನ್ನು ತಾನೇ ಬರೆದ, ದಡದಲ್ಲಿ ಮೂರು ಅಡ್ಡಗೆರೆ ಹಾಕಿ ಬಿಲ್ಲುಗಾರರನ್ನು ನಿಲ್ಲಿಸಿದ. ನಾನೂ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಸಭೆ ಮುಗಿದಾಗ ಕಂಡಕ್ಟರ್ ಬಟ್ಟೆಯನ್ನು ಇದ್ದ ಹಾಗೇ ಮಡಿಸಿ ಇದ್ದ ಜಾಗದಲ್ಲೇ ಇಟ್ಟ. ಅವನ ಮಟ್ಟಿಗೆ ಅದು ಅಚ್ಚುಕಟ್ಟು.

ಸೋಮವಾರ ಬೆಳಗ್ಗೆ ಅಳತೆಯಣ್ಣ ಗುಳಿಗೆಪ್ಪನ ಬಟ್ಟೆ ತೆಗೆದ. ಜೋಡಿ ಮಡಿಕೆ ಸರಿಪಡಿಸಿದ, ಕತ್ತರಿ ಹಾಕಿದ. ಸೀಮೆಸುಣ್ಣದ ಗೆರೆ ಹೋದಲ್ಲಿಗೆ ಹೋಗಿ ರೂಢಿಯಾದ ಕೈ ಅದು. ಭುಜ ಬಂತು, ಕತ್ತರಿಸಿದ. ಮುಂದೆ ತೋಳು ಕೂಡುವ ಜಾಗದ ಸುತ್ತು. ಆ ನದಿಯ ತಿರುವಿಗೂ ತೋಳಿನ ಸುತ್ತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕತ್ತರಿ ತಿರುವಿನಲ್ಲಿ ಸೊಗಸಾಗಿ ಬಳಸಿ, ಅಲ್ಲಿಂದ ನೇರವಾಗಿ ಸಮುದ್ರದ ಕಡೆ ಹೊರಟಿತು. ಬೆನ್ನಿನ ನಡುವಿಗೆ ಬಂದಾಗ ಅವನಿಗೆ ಮೂರು ಅಡ್ಡಗೆರೆ ಕಂಡವು. ಕೋಟಿನ ತೋಳಿನ ಪಕ್ಕದಲ್ಲಿ ಬಿಲ್ಲುಗಾರರು ಯಾಕಿದ್ದಾರೆ ಎಂದು ಅವನು ಒಂದು ಕ್ಷಣ ಯೋಚಿಸಿದನಂತೆ.

ಹೆಂಡತಿ ಯಂತ್ರ ನಿಲ್ಲಿಸಿ ತಿರುಗಿ ನೋಡಿದಳು. "ಯಾಕ್ರೀ, ಏನಾಯ್ತು?"

"ನದಿ ಕತ್ತರಿಸಿಬಿಟ್ಟೆ," ಎಂದ.

ಅವಳು ಎದ್ದು ಬಂದು ಬಟ್ಟೆ ಬಿಡಿಸಿದಳು. ಜೋಡಿ ಮಡಿಕೆಯಾದ್ದರಿಂದ ನದಿಗಳು ಎರಡಾಗಿದ್ದವು. "ಇದೇ ಬಟ್ಟೆ ಇಲ್ಲಿ ಸಿಗುತ್ತಾ?"

"ಇಲ್ಲ. ಅವನ ಅಳಿಯ ದೂರದಿಂದ ತಂದಿದ್ದು. ಶನಿವಾರಕ್ಕೆ ಬೇಕು ಅವನಿಗೆ."

"ಹೋಗಿ ಹೇಳಿ ಬನ್ನಿ. ಈಗಲೇ. ಮಧ್ಯಾಹ್ನ ಅಂದ್ರೆ ಸಂಜೆ ಆಗುತ್ತೆ, ಸಂಜೆ ಅಂದ್ರೆ ಶುಕ್ರವಾರ ಆಗುತ್ತೆ. ನನಗೆ ಗೊತ್ತು ನಿಮ್ಮನ್ನ."

ಅವನು ತುಂಡುಗಳನ್ನು ಕೈಯಲ್ಲಿ ಹಿಡಿದು ಹೋದ. ಆಗ ನಾನು ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆಗೆ ಕಾಯುತ್ತಿದ್ದೆ. ಗುಳಿಗೆಪ್ಪ ತುಂಡುಗಳನ್ನು ಕೌಂಟರಿನ ಮೇಲೆ ಹರಡಿ, ಕನ್ನಡಕ ಸರಿಪಡಿಸಿ, ಬಹಳ ಹೊತ್ತು ನೋಡಿದ.

"ನನ್ನ ಬೆನ್ನ ಮೇಲೆ ನದಿ ಹರೀತಿದೆ," ಎಂದ.

"ಹೌದು. ತಪ್ಪು ನಂದೇ. ಬಟ್ಟೆ ನೋಡಿ ಕತ್ತರಿ ಹಾಕಬೇಕಿತ್ತು."

"ಈ ನದಿ ಬರೆದಿದ್ದು ಯಾರು?"

"ನೀನೇ ಕಣೋ."

"ತಿರುವು ಸರಿಯಾಗಿ ಬಂದಿದೆ, ನೋಡು," ಎಂದ ಗುಳಿಗೆಪ್ಪ, ತಡೆಯಲಾರದೆ. ಆಮೇಲೆ ಸಿಟ್ಟು ನೆನಪಾಯಿತು. "ಅದು ಬೇರೆ ಮಾತು! ಶನಿವಾರ ನಾನು ಏನು ಹಾಕ್ಕೊಂಡು ಹೋಗಲಿ? ಹೀಗೆ ಮಾಡಿದ್ರೆ ನಾನು ಬರಲ್ಲ ಅಂತ ಲೆಕ್ಕಾನಾ? ಹಳೇ ಕೋಟಲ್ಲೇ ಬಂದು ನಿನ್ನನ್ನ ಸೋಲಿಸ್ತೀನಿ. ಈ ತುಂಡು ತಗೊಂಡು ಹೋಗು. ನನ್ನ ಕಣ್ಣೆದುರು ಇಡಬೇಡ."

ಅಳತೆಯಣ್ಣ ಅಂಗಡಿಗೆ ಮರಳಿ ಸ್ಟೂಲಿನ ಮೇಲೆ ಕೂತ. ಹೆಂಡತಿ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸುತ್ತಿದ್ದಳು.

"ನಿಮ್ಮ ಸಿಪಾಯಿ ಅಂಗಿ ಎಷ್ಟು ತುಂಡಿಂದು ಅಂದ್ರಿ?"

"ಹನ್ನೊಂದು. ಚಿಕ್ಕ ಚಿಕ್ಕ ತುಂಡು ಸೇರಿಸಿದ್ದು. ಯಾಕೆ?"

"ಹನ್ನೊಂದು ವರ್ಷದಿಂದ ಬಾಯಲ್ಲೇ ಯುದ್ಧ ಮಾಡ್ತಿದ್ದೀರಿ. ಹೊಲಿಯೋ ಕೈ ಇಟ್ಕೊಂಡು ಒಂದು ಸಲ ಹೊಲಿದು ನೋಡಬೇಕು ಅನ್ನಿಸಲಿಲ್ವಾ? ಮೇಡಂ ಆಧಾರ ಕೇಳ್ತಾರೆ. ಹೊಲಿದು ಕೊಡಿ ಆಧಾರ. ಬಟ್ಟೆ ಹೇಗೂ ಹಾಳಾಗಿದೆ, ಹಳೇ ಹಾಸಿಗೆ ಹತ್ತಿ ಮೇಲಿದೆ."

ಅಳತೆಯಣ್ಣ ಮತ್ತೊಮ್ಮೆ ಔಷಧಿ ಅಂಗಡಿಗೆ ಹೋಗಿ ಬಟ್ಟೆ ಬಳಸಲು ಅನುಮತಿ ಕೇಳಿದ. "ನನ್ನ ಬಟ್ಟೇಲಿ ನನ್ನ ವಿರುದ್ಧ ಸಾಕ್ಷಿ ಹೊಲೀತೀಯಾ? ಹೊಲಿ, ಹೊಲಿ," ಎಂದನಂತೆ ಗುಳಿಗೆಪ್ಪ.

ಸೋಮವಾರ ಮಧ್ಯಾಹ್ನದಿಂದ ಎರಡು ಯಂತ್ರಗಳೂ ಅದಕ್ಕೇ ದುಡಿದವು. ಸಂಗ್ರಹಾಲಯದ ಗಾಜಿನ ಮುಂದೆ ಹದಿನಾಲ್ಕು ಸಲ ನಿಂತದ್ದರ ಫಲ ಒಂದು ನೋಟುಪುಸ್ತಕದಲ್ಲಿತ್ತು. ಸಾಲಿಗೂ ಸಾಲಿಗೂ ಎಷ್ಟು ಬೆರಳು, ಕೊರಳು ಎಷ್ಟು ಎತ್ತರ, ಎಲ್ಲ ಬರೆದಿಟ್ಟಿದ್ದ. ಮೂರು ಬೆರಳು ಹತ್ತಿ ಯಂತ್ರದ ಸೂಜಿಗೆ ಬಗ್ಗಲಿಲ್ಲ, ಆರು ಸೂಜಿ ಮುರಿದವು. ಉಳಿದದ್ದನ್ನು ಗಂಡಹೆಂಡಿರು ಎದುರುಬದುರು ಕೂತು ಕೈಯಲ್ಲೇ ಹೊಲಿದರು. ಅಂಗಿ ಮುಂದೆ ತೆರೆಯುವಂತಿರಲಿಲ್ಲ. ಬೆನ್ನ ಹಿಂದೆ ಹದಿನಾಲ್ಕು ಲಾಡಿಗಳು, ಅದೇ ಹತ್ತಿ ಬಟ್ಟೆಯವು.

"ಹಿಂದೆ ಯಾಕ್ರೀ? ಒಬ್ಬನೇ ಹಾಕ್ಕೊಳ್ಳೋಕೆ ಆಗಲ್ವಲ್ಲ," ಎಂದಳು ಹೆಂಡತಿ.

"ಗೊತ್ತಿಲ್ಲ. ಅಲ್ಲಿ ಹಾಗಿದೆ. ಇದ್ದ ಹಾಗೇ ಹೊಲಿಯೋಣ."

ಕಾರಣ ಗೊತ್ತಿಲ್ಲದ್ದನ್ನು ತಿದ್ದದೆ ಇದ್ದ ಹಾಗೇ ಇಡುವುದು ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಕೊನೆಯವರೆಗೂ ಬರಲಿಲ್ಲ.

ಬುಧವಾರ ಸಂಜೆ ಅಂಗಿಯನ್ನು ತೂಗಲು ಗುಳಿಗೆಪ್ಪನ ಅಂಗಡಿಗೇ ಒಯ್ದರು. ಅಲ್ಲಿ ಮನುಷ್ಯರ ತೂಕ ನೋಡುವ ಯಂತ್ರವಿತ್ತು. ಅವನ ಯಂತ್ರದಲ್ಲಿ ಅವನೇ ತೂಗಿದರೆ ಆಮೇಲೆ ತಕರಾರು ಬರುವುದಿಲ್ಲ ಎಂದು ನಾನೇ ಹೇಳಿದ್ದೆ. ಒಣ ಅಂಗಿ ಐದು ಕಿಲೋ. ಹಿತ್ತಲಿನ ಬಾನಿಯಲ್ಲಿ ಮುಳುಗಿಸಿ ತೆಗೆದು ಮತ್ತೆ ತೂಗಿದಾಗ ಹದಿನಾರು.

"ಟಿಕೆಟ್ ಹರಿದು ಕೊಡೋಕೂ ಕೈ ಎತ್ತೋಕಾಗಲ್ಲ ಇದ್ರಲ್ಲಿ," ಎಂದ ಭಾವಮೈದುನ. ಎಂದಿನಂತೆ ಸೋಲುವವರ ಕಡೆ ಸೇರಲು ಗುಳಿಗೆಪ್ಪನ ಪಕ್ಕಕ್ಕೆ ಸರಿದ.

ಗುಳಿಗೆಪ್ಪ ಮಾತ್ರ ಕದಲಲಿಲ್ಲ. "ಸರಿ, ಭಾರ ಆಯ್ತು. ಒಪ್ಪಿದೆ. ನೀರಲ್ಲಿ ಬಾಣ ಬರ್ತಿತ್ತು, ಅಂಗಿ ಬೇಕಿತ್ತು, ಅದೂ ಒಪ್ಪಿದೆ. ಆದ್ರೆ ದಡ ಸೇರಿದ ಮೇಲೆ? ಬಿಚ್ಚಿ ಬಿಸಾಕಿ, ಬರೀ ಮೈಯಲ್ಲಿ ಕೋಟೆಗೆ ಓಡಬಹುದಿತ್ತಲ್ಲ! ಅಲ್ಲಿ ರಾಜ ಸಾಯ್ತಿದ್ದಾನೆ, ಇಲ್ಲಿ ಅಂಗಿ ಒಣಹಾಕ್ತಿದ್ದಾರಾ?"

ಅಳತೆಯಣ್ಣ ಅಂಗಿಯನ್ನು ಯಂತ್ರದಿಂದ ಎತ್ತಿಕೊಂಡ. ಒಳ್ಳೆಯ ಪ್ರಶ್ನೆ ಅದು.

ಒದ್ದೆ ಅಂಗಿಯನ್ನು ಮಹಡಿಯ ಮೇಲೆ ಒಣಗಲು ಹಾಕಿದರು. ಗುರುವಾರ ಸಂಜೆ ಒಂಬತ್ತು ಕಿಲೋ, ಶುಕ್ರವಾರ ಸಂಜೆ ಐದೂವರೆ. ಸರಿಯಾಗಿ ಎರಡು ದಿನ. ಇದರಿಂದ ಖುಷಿಯಾಗಬೇಕಿದ್ದ ಮನುಷ್ಯ ಅಂಗಡಿಯಲ್ಲಿ ಗಿರಾಕಿಗಳ ಅಂಗಿಗೆ ಗುಂಡಿಗಳನ್ನು ಒಳಮೈಗೆ ಹೊಲಿಯುತ್ತಿದ್ದ. "ಬಿಚ್ಚಬಹುದಿತ್ತಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಹೆಂಡತಿ ಆ ಗುಂಡಿಗಳನ್ನೆಲ್ಲ ಬಿಚ್ಚಿ ಸರಿಯಾದ ಕಡೆ ಹೊಲಿದಳು.

"ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಹೇಳಿ," ಎಂದಳು. "ಯಾರೂ ನೇಣು ಹಾಕಲ್ಲ."

"ಮೇಜು ಹೋಗುತ್ತೆ," ಎಂದ ಅವನು.

ಶನಿವಾರ ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಎಂಬತ್ತು ಜನ ಸೇರಿದ್ದರು. ಗುಳಿಗೆಪ್ಪ ಹಳೆಯ ಕಂದು ಕೋಟಿನಲ್ಲಿ ಬಂದಿದ್ದ, ಗುಂಡಿ ಹಾಕಿದರೆ ಉಸಿರಾಡಲಾಗದಂಥದ್ದು. ಮೊದಲು ಅವನು ಮಾತಾಡಿದ, ಮುಕ್ಕಾಲು ಗಂಟೆ, ಹನ್ನೆರಡು ಪುಟಸಂಖ್ಯೆ. ಅಳತೆಯಣ್ಣ ಮಾತಾಡಿದ್ದು ಹತ್ತು ನಿಮಿಷ. ಮೊದಲ ಎರಡು ನಿಮಿಷ ಏನು ಹೇಳಿದನೆಂದು ಮೊದಲ ಸಾಲಿನಲ್ಲಿದ್ದ ನನಗೂ ಕೇಳಿಸಲಿಲ್ಲ. ಅಂಗಿಯನ್ನು ಮೇಜಿನ ಮೇಲೆ ಹರಡಿ, ಕೈಗೆ ಬಟ್ಟೆ ತಾಗಿದ ಮೇಲೆ ಅವನ ದನಿ ಬಂತು. ತೂಕ ಹೇಳಿದ, ಒಣಗಿದ ಲೆಕ್ಕ ಹೇಳಿದ. ಕೊನೆಗೆ, "ಬಿಚ್ಚಿ ಹೋಗಬಹುದಿತ್ತಲ್ಲ ಅಂತ ನನ್ನ ಸ್ನೇಹಿತ ಕೇಳಿದಾನೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದು ಕೂತ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಗುಳಿಗೆಪ್ಪ ಗೆದ್ದುಬಿಡುತ್ತಿದ್ದ. ಸುಮ್ಮನಿರುವುದು ಅವನಿಗೆ ಗೊತ್ತಿರಲಿಲ್ಲ.

"ಬರೀ ಮಾತು ಯಾಕೆ?" ಎಂದು ಎದ್ದು ನಿಂತ. "ನಾನೇ ತೋರಿಸ್ತೀನಿ. ಹೊರಗೆ ಗಿಡಗಳಿಗೆ ನೀರು ತುಂಬಿಡೋ ತೊಟ್ಟಿ ಇದೆ. ಈ ಅಂಗಿ ಹಾಕ್ಕೊಂಡು ಇಳೀತೀನಿ, ಎದ್ದು ಬರ್ತೀನಿ, ಬಿಚ್ಚಿ ಎಸೀತೀನಿ, ಕೋಲು ಹಿಡಿದು ಗೇಟಿನ ತನಕ ಓಡ್ತೀನಿ. ಎರಡು ದಿನ ಅಲ್ಲ, ಎರಡು ನಿಮಿಷ. ನನಗೆ ಅರವತ್ತೊಂದು. ಆ ಸಿಪಾಯಿಗೆ ಇಪ್ಪತ್ತು ಇದ್ದಿರಬೇಕು."

ಗ್ರಂಥಪಾಲಕಿ ಆಕ್ಷೇಪಿಸುವಷ್ಟರಲ್ಲಿ ಎಂಬತ್ತು ಜನವೂ ಅಂಗಳದಲ್ಲಿದ್ದರು. ಕಂಡಕ್ಟರ್ ಅಂಗಿ ತೊಡಿಸಿ ಹಿಂದಿನ ಹದಿನಾಲ್ಕು ಲಾಡಿಗಳನ್ನು ಬಿಗಿದು ಕಟ್ಟಿದ, ಪ್ರತಿಯೊಂದಕ್ಕೂ ಎರಡೆರಡು ಗಂಟು. ಗುಳಿಗೆಪ್ಪ ಸಿಮೆಂಟಿನ ತೊಟ್ಟಿಗೆ ಇಳಿದು ಕುತ್ತಿಗೆಯವರೆಗೆ ಕೂತ. ಗುಳ್ಳೆಗಳು ಬಂದವು. ಕಂಡಕ್ಟರ್ ಜೇಬಿನಿಂದ ಸೀಟಿ ತೆಗೆದು ಊದಿ, "ರೈಟ್, ಹೋಗ್ಲಿ!" ಎಂದು ಕೂಗಿದ.

ಗುಳಿಗೆಪ್ಪ ಏಳಲು ಹೋದ. ಏಳಲಿಲ್ಲ. ಎರಡನೆಯ ಸಲ ಅಂಚು ಹಿಡಿದು ಎದ್ದ, ಒಂದು ಕಾಲು ಹೊರಗಿಟ್ಟ, ಉಸಿರು ತೆಗೆದುಕೊಂಡ, ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಹೊರಗಿಟ್ಟ. ನೀರು ಸುರಿಯುತ್ತಿತ್ತು. "ಇಲ್ಲೀತನಕ ಸರಿ," ಎಂದ. "ಈಗ ಬಿಚ್ಚೋದು. ಬಿಚ್ಚೋ!"

ಕಂಡಕ್ಟರ್ ಹಿಂದೆ ಹೋಗಿ ಮೊದಲ ಗಂಟಿಗೆ ಕೈ ಹಾಕಿದ. ಸ್ವಲ್ಪ ಹೊತ್ತಾಯಿತು. ಎರಡನೆಯ ಗಂಟು ನೋಡಿದ, ಮೂರನೆಯದನ್ನು ಹಲ್ಲಿನಿಂದ ಕಚ್ಚಿ ಎಳೆದ. "ಭಾವಾ, ಇದು ಬರ್ತಾ ಇಲ್ಲ!"

ಅಳತೆಯಣ್ಣ ಹೋಗಿ ಗಂಟನ್ನು ಮುಟ್ಟಿ ನೋಡಿದ. ಅವನ ಮುಖ ನಾನು ನಿಂತ ಕಡೆಯಿಂದ ಚೆನ್ನಾಗಿ ಕಾಣುತ್ತಿತ್ತು. ಕೊರಳಿನಾಚೆಯ ಕಥೆ ಸಿಕ್ಕವನ ಮುಖ ಅದು.

"ಹತ್ತಿ ಲಾಡಿ ಅಲ್ವಾ," ಎಂದ ನಿಧಾನವಾಗಿ. "ನೀರು ಕುಡಿದು ಊದಿಕೊಂಡಿದೆ. ಗಂಟು ಕಚ್ಚಿಕೊಂಡಿದೆ. ಒಣಗೋ ತನಕ ಬಿಡಲ್ಲ ಇದು. ಅಂಗಿ ಬಿಚ್ಚಬಹುದಿತ್ತು ಅಂದ್ಯಲ್ಲ, ಬಿಚ್ಚೋಕೆ ಆಗ್ತಿರಲಿಲ್ಲ ಕಣೋ! ಸಾವಿರಾರು ಜನ ಹೀಗೇ ನಿಂತಿದ್ರು, ನಿನ್ನ ಹಾಗೆ!"

"ಕತ್ತಿ ಇತ್ತಲ್ಲ ಅವರ ಹತ್ರ!" ಎಂದು ಗುಳಿಗೆಪ್ಪ ಕೂಗಿದ. ಅವನ ಕೈಗಳು ಎರಡೂ ಕಡೆ ದೂರ ನಿಂತಿದ್ದವು, ಕೆಳಗಿಳಿಯುತ್ತಿರಲಿಲ್ಲ. "ಲಾಡಿ ಕತ್ತರಿಸಬಹುದಿತ್ತು!"

"ಕತ್ತರಿಸಬಹುದಿತ್ತು. ಮತ್ತೆ ಹೊಲಿಯೋರು ಯಾರು? ನಾಳೆ ಯುದ್ಧ ಇದೆ. ಲಾಡಿ ಇಲ್ಲದ ಅಂಗಿ ಮೈಮೇಲೆ ನಿಲ್ಲುತ್ತಾ?"

"ಭಾವಾ, ಕತ್ತರಿ ತರ್ಲಾ?" ಎಂದ ಕಂಡಕ್ಟರ್.

"ಇವರ ಕೈಗೆ ಕತ್ತರಿ ಕೊಡಬೇಡ್ವೋ," ಎಂದಳು ಅಕ್ಕ, ಜನರ ನಡುವಿನಿಂದ. "ನೀರು ಕಂಡ ಕಡೆ ಕತ್ತರಿಸ್ತಾರೆ."

ಗುಳಿಗೆಪ್ಪನೇ ಮೊದಲು ನಕ್ಕದ್ದು. ಆದರೆ ಆ ಅಂಗಿಯಲ್ಲಿ ನಗುವುದೂ ಕಷ್ಟವಿತ್ತು, ಅರ್ಧಕ್ಕೆ ನಿಲ್ಲಿಸಿದ. "ನಗಿಸಬೇಡ ತಂಗಿ, ಎದೆ ಒತ್ತುತ್ತೆ. ಮೇಡಂ, ತೀರ್ಪು ಹೇಳಿಬಿಡಿ, ನನ್ನನ್ನ ಬಿಡಿಸಲಿ."

ಎಲ್ಲರೂ ನನ್ನ ಕಡೆ ತಿರುಗಿದರು. "ಸೇನಾಪತಿ ಲಂಚ ತಗೊಳ್ಳಲಿಲ್ಲ ಅನ್ನೋದು ಸಾಬೀತಾಗಿಲ್ಲ," ಎಂದೆ. ಅಳತೆಯಣ್ಣನ ಮುಖ ಸಣ್ಣದಾಯಿತು. "ಆದರೆ ತಡ ಆಗೋಕೆ ಲಂಚ ಬೇಕಿರಲಿಲ್ಲ ಅನ್ನೋದು ಸಾಬೀತಾಗಿದೆ. ಎರಡು ದಿನಕ್ಕೆ ಒಂದು ಅಂಗಿ ಸಾಕು. ಅಳತೆಯಣ್ಣನ ವಾದ ನಿಂತಿದೆ."

ಹೆಂಡತಿ ದಪ್ಪ ಸೂಜಿಯಿಂದ ಒಂದೊಂದೇ ಗಂಟನ್ನು ಸಡಿಲಿಸಿದಳು. ಹದಿನಾಲ್ಕು ಲಾಡಿಗೆ ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಗುಳಿಗೆಪ್ಪ ಬೆಂಚಿನ ಮೇಲೆ ಕೂತು, ಸುತ್ತ ನಿಂತವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ. ಕೊನೆಕೊನೆಗೆ ಅವನು ಸೇನಾಪತಿಯ ಪರವಾಗಿಯೇ ಮಾತಾಡುತ್ತಿದ್ದಂತೆ ಕಂಡಿತು. "ನೀವು ಹಾಕ್ಕೊಂಡು ನೋಡಿ, ಆಮೇಲೆ ಮಾತಾಡಿ," ಎಂದು ಒಬ್ಬ ಅಧ್ಯಾಪಕರನ್ನು ಗದರಿಸಿದ. ಬುಧವಾರದ ಹಾಗೆ ಸರಿಯಾಗಿ ಎರಡು ದಿನ ಬೇಕೇ ಎಂದು ಖಾತ್ರಿಪಡಿಸಿಕೊಳ್ಳಲು ಒದ್ದೆ ಅಂಗಿಯನ್ನು ತಾನೇ ಮನೆಗೆ ಒಯ್ದ.

ಮರುದಿನ ಒಂಬತ್ತಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೇಜು ಇದ್ದಲ್ಲೇ ಇತ್ತು, ಒಗೆದ ಹಾಸುಬಟ್ಟೆ ಹರಡಿತ್ತು. ಅಳತೆಯಣ್ಣ ಅದನ್ನು ಎರಡು ಸಲ ಮುಟ್ಟಿ ನೋಡಿದ್ದ. ಗುಳಿಗೆಪ್ಪ ಬಂದವನೇ ಹೇಳಿದ, "ನಿನ್ನೆಯಿಂದ ಮೂರು ಕಿಲೋ ಇಳಿದಿದೆ, ಅಷ್ಟೇ. ನನ್ನ ಹೆಂಡತಿ ಹಿತ್ತಲಿಗೆ ಹೋಗಿ ಅದನ್ನ ನೋಡಿ ಯಾರೋ ನಿಂತಿದ್ದಾರೆ ಅಂತ ಹೆದರಿದ್ಳು." ಆಮೇಲೆ ತಾನೇ ಭರಣಿಗಳನ್ನು ಇಳಿಸಿ ಸೈನ್ಯಗಳನ್ನು ಹೂಡತೊಡಗಿದ. ವರ್ಷದ ಶಿಕ್ಷೆಯಲ್ಲಿ ಜೋಡಿಸುವುದೂ ಸೇರಿದೆ ಎಂದು ಕಂಡಕ್ಟರ್ ಹೇಳಿದ್ದ. ಅದು ಸುಳ್ಳು.

"ಒಂದು ಮಾತು," ಎಂದ ಗುಳಿಗೆಪ್ಪ, ಕೈಯಲ್ಲಿ ಲೋಹದ ಟೊಪ್ಪಿಗೆ ಹಿಡಿದು. "ಚಿನ್ನದ ಪೆಟ್ಟಿಗೆ ಬಂದಿದ್ದಂತೂ ನಿಜ. ಪುಟ ಇನ್ನೂರ ಹದಿನೇಳು. ಸೇನಾಪತಿ ತಗೊಳ್ಳದಿದ್ರೆ ಯಾರು ತಗೊಂಡ್ರು?"

"ಕೋಟೆ ಒಳಗಿನೋರು," ಎಂದ ಅಳತೆಯಣ್ಣ ತಕ್ಷಣ. "ಬಾಗಿಲು ಹೇಗೆ ಬಿತ್ತು ಅಂದ್ಕೊಂಡೆ? ತೋರಿಸ್ತೀನಿ ತಡಿ, ಸುಣ್ಣ ಎಲ್ಲಿ?"

ಹೆಂಡತಿ ತನ್ನ ಯಂತ್ರದ ಡ್ರಾಯರಿನಿಂದ ಹೊಸ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಕೆಂಪು ಸೀಮೆಸುಣ್ಣಗಳಿದ್ದವು.

"ಇವತ್ತಿಂದ ಯುದ್ಧ ಎಲ್ಲ ಕೆಂಪು, ಹೊಲಿಗೆ ಎಲ್ಲ ಬಿಳಿ," ಎಂದಳು. "ಬಿಳಿ ಮುಟ್ಟಿದ್ರೆ ನಾಲ್ಕುನೂರು ಗುಂಡಿ ಅಲ್ಲ, ಅಣ್ಣಾವ್ರೇ, ನಾಲ್ಕುನೂರು ಕಾಜಾ."